ನಿಮ್ಮ ಟ್ಯಾಂಕ್ ಗೀಚಿದ್ದು ಯಾರು? ಹೇಳಿ ನೋಡೋಣ!

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಊಟ ಮುಗಿಸಿ ಕೆಳಗಿಳಿಯಿರಿ. ನಿಮ್ಮ ಗಾಡಿ ಹತ್ತಿರ ಹೋಗಿ. ಮೊಬೈಲ್ ಟಾರ್ಚ್ ಹಾಕಿ. ಪೆಟ್ರೋಲ್ ಟ್ಯಾಂಕಿನಿಂದ ಒಂದು ಗೇಣು ಮೇಲೆ ಹಿಡಿದು, ಬೆಳಕು ಬಿದ್ದ ಜಾಗವನ್ನೇ ದಿಟ್ಟಿಸಿ.

ಕಂಡಿತಾ? ಜೇಡರ ಬಲೆ!

ಬೆಳಕಿನ ಸುತ್ತ ಸಣ್ಣ ಸಣ್ಣ ಗೀರುಗಳು! ಒಂದರ ಸುತ್ತ ಒಂದು, ಉಂಗುರ ಉಂಗುರವಾಗಿ! ಹಗಲು ಹೊತ್ತು ಕನ್ನಡಿಯಂತಿದ್ದ ಟ್ಯಾಂಕ್ ಇದೇನಾ ಅನ್ನಿಸುತ್ತದೆ.

ತಡೆಯಿರಿ, ಗಾಬರಿ ಬೇಡ. ಈಗ ಟಾರ್ಚನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಿ.

ಬಲೆಯೂ ಸರಿಯಿತು! ಟಾರ್ಚ್ ಎಲ್ಲಿ ಹೋಗುತ್ತದೋ ಬಲೆಯ ನಡುಬಿಂದುವೂ ಅಲ್ಲಿಗೇ ಬರುತ್ತದೆ! ಲೋಹದ ಮೇಲಿನ ಗೀರು ನಡೆದಾಡುತ್ತದೆಯೇ?

ನಡೆದಾಡುವುದಿಲ್ಲ. ಗುಟ್ಟು ಕೇಳಿ: ಆ ಗೀರುಗಳು ದುಂಡಗಿಲ್ಲವೇ ಇಲ್ಲ! ಬಹುಪಾಲು ನೇರ ಗೀರುಗಳೇ. ಉದ್ದ, ಅಡ್ಡ, ಓರೆ, ಮನಸ್ಸಿಗೆ ಬಂದ ಕಡೆಗೆ ಹರಿದಿವೆ. ಅವುಗಳಲ್ಲಿ ಬೆಳಕಿಗೆ ಅಡ್ಡಲಾಗಿ ಮಲಗಿದವು ಮಾತ್ರ ನಿಮ್ಮ ಕಣ್ಣಿಗೆ ಮಿಂಚು ಹೊಡೆಯುತ್ತವೆ. ಉಳಿದವು ಕತ್ತಲಲ್ಲಿ ಅಡಗಿರುತ್ತವೆ. ಬೆಳಕಿನ ಸುತ್ತ ಅಡ್ಡಲಾಗಿ ಬಿದ್ದವನ್ನೆಲ್ಲ ಕಣ್ಣು ಜೋಡಿಸಿಕೊಂಡರೆ ಉಂಗುರ! ಅಂದರೆ ನಿಮಗೆ ಕಂಡದ್ದು ಇರುವುದರಲ್ಲಿ ಒಂದು ಪಾಲು ಅಷ್ಟೇ!

ಈಗ ನಿಜವಾದ ಪ್ರಶ್ನೆ. ಇಷ್ಟೊಂದು ಗೀರು ಹಾಕಿದ್ದು ಯಾರು?

ನಾನಿರುವುದು ಸುದ್ದಗುಂಟೆಪಾಳ್ಯದಲ್ಲಿ. ಇಲ್ಲಿ ಈ ಪ್ರಶ್ನೆ ಕೇಳಿದರೆ ಎಲ್ಲರ ಬಾಯಲ್ಲೂ ಉತ್ತರ ಸಿದ್ಧ. ಒಂದು ಕಡೆ ಡೇರಿ ಸರ್ಕಲ್, ಇನ್ನೊಂದು ಕಡೆ ತಾವರೆಕೆರೆ, ಪಕ್ಕದಲ್ಲೇ ಕ್ರೈಸ್ಟ್ ವಿಶ್ವವಿದ್ಯಾಲಯ. ಓಣಿ ತುಂಬ ಪಿಜಿಗಳು. ಪಿಜಿಗಳ ಮುಂದೆ ಹ್ಯಾಂಡಲ್‌ಗೆ ಹ್ಯಾಂಡಲ್ ಸಿಕ್ಕಿಸಿಕೊಂಡು ನಿಂತ ಗಾಡಿಗಳು. ನಿಮ್ಮ ಗಾಡಿ ತೆಗೆಯಬೇಕಾದರೆ ಇನ್ನು ಮೂರು ಗಾಡಿ ಎತ್ತಿ ಸರಿಸಬೇಕು. ಪಕ್ಕದ ಗಾಡಿಯ ಫುಟ್‌ರೆಸ್ಟ್! ಡೆಲಿವರಿ ಬ್ಯಾಗಿನ ಬಕಲ್! ಟ್ಯಾಂಕ್ ಮೇಲೆ ಮಲಗಿದ ಬೆಕ್ಕು!

ಅವೂ ಗೀಚುತ್ತವೆ, ನಿಜ. ಆದರೆ ಅವು ಬಿಡುವುದು ಒಂದು, ಎರಡು, ನಾಲ್ಕು ದಪ್ಪ ಗೀರು. ಈ ಬಲೆ ಅವುಗಳ ಕೆಲಸವಲ್ಲ!

ಸುಳಿವು ಕೊಡುತ್ತೇನೆ. ಇದು ದಿನಾ ಬೆಳಿಗ್ಗೆ ನಡೆಯುತ್ತದೆ. ನಿಮ್ಮ ಕಣ್ಣೆದುರೇ ನಡೆಯುತ್ತದೆ. ಮಾಡುವವರು ಗಾಡಿಯನ್ನು ತುಂಬ ಪ್ರೀತಿಸುವವರು.

ಹೊಳೆಯಿತೇ? ಹೌದು, ನೀವೇ! ಸೀಟಿನಡಿಯಿಂದ ಆ ಹಳೇ ಬನಿಯನ್ ತೆಗೆದು, ಆಫೀಸಿಗೆ ಹೊರಡುವ ಮೊದಲು ನಾಲ್ಕು ಸಲ ಗಸಗಸ ಒರೆಸುತ್ತೀರಲ್ಲ, ಅದೇ!

ಬನಿಯನ್ ಎಷ್ಟು ಮೆತ್ತಗಿದೆ, ಮಗುವಿನ ಮುಖ ಒರೆಸಬಹುದು, ಅದು ಹೇಗೆ ಗೀಚುತ್ತದೆ ಅಂತ ನಾನೂ ವಾದಿಸಿದವನೇ. ನಮ್ಮ ಬೀದಿಯ ವಾಟರ್ ವಾಷ್ ಹುಡುಗ ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡ. "ಅಣ್ಣ, ಬಟ್ಟೆ ಗೀಚಲ್ಲ. ಬಟ್ಟೆ ಮೇಲೆ ಕೂತಿರೋನು ಗೀಚ್ತಾನೆ!" ಅಂದ.

ಬಟ್ಟೆ ಮೇಲೆ ಕೂತಿರೋನು! ಯಾರಪ್ಪ ಅವನು?

ದೂಳಿನ ಕಣ!

ಅವತ್ತೇ ಸಂಜೆ ಒಂದು ಬಿಳಿ ಹಾಳೆ ಮೇಲೆ ಸೀಟಿನ ಸಂದಿಯ ದೂಳು ಉದುರಿಸಿದೆ. ಮೊಬೈಲ್ ಕ್ಯಾಮೆರಾ ಪೂರ್ತಿ ಜೂಮ್ ಮಾಡಿದೆ. ಬೂದು ಪುಡಿಯ ನಡುವೆ ಥಳಥಳ ಹೊಳೆಯುವ ತೆಳ್ಳನೆ ಚಕ್ಕೆಗಳು! ಅವುಗಳ ಪಕ್ಕದಲ್ಲಿ ಒಡೆದ ಗಾಜಿನ ಚೂರಿನಂಥ ಮಸುಕು ಕಣಗಳು! ಇವೆರಡರಲ್ಲಿ ಕಳ್ಳ ಯಾರು ಹೇಳಿ?

ಹೊಳೆಯುವವನು ನಿರಪರಾಧಿ! ಅವನು ಕಾಗೆಬಂಗಾರ, ಉಗುರಿಗೇ ಸುಲಿದು ಬರುವಷ್ಟು ಮೆತ್ತಗೆ. ಪಕ್ಕದಲ್ಲಿ ಸಾಧುವಿನಂತೆ ಕೂತಿದ್ದಾನಲ್ಲ ಆ ಮಸುಕಿನವನು, ಅವನೇ ಕಳ್ಳ. ಅವನ ಹೆಸರು ಬೆಣಚು!

ಚಿಕ್ಕವರಿದ್ದಾಗ ಎರಡು ಬೆಣಚುಕಲ್ಲು ಹಿಡಿದು ಕತ್ತಲಲ್ಲಿ ಕುಟ್ಟಿ ಬೆಳಕು ಬರಿಸುತ್ತಿದ್ದೆವಲ್ಲ, ಅದೇ ಕಲ್ಲು! ಅದರದೇ ಮರಿ!

ಎಷ್ಟು ಗಟ್ಟಿ? 1812ರಲ್ಲಿ ಫ್ರೆಡ್ರಿಕ್ ಮೋಸ್ ಎಂಬ ಜರ್ಮನ್ ವಿಜ್ಞಾನಿ ಕಲ್ಲುಗಳ ಗಡಸುತನಕ್ಕೆ ಒಂದು ಅಳತೆ ಮಾಡಿದ. ಯಾವುದು ಯಾವುದನ್ನು ಗೀಚುತ್ತದೆ ಅನ್ನುವುದೇ ಲೆಕ್ಕ. ಪೌಡರ್ ಡಬ್ಬಿಯ ಟಾಲ್ಕಿಗೆ 1, ವಜ್ರಕ್ಕೆ 10. ನಿಮ್ಮ ಉಗುರು ಎರಡೂವರೆ. ಟ್ಯಾಂಕಿನ ಉಕ್ಕಿನ ತಗಡು 4ರ ಆಸುಪಾಸು. ಕಿಟಕಿ ಗಾಜು ಐದೂವರೆ.

ಬೆಣಚಿಗೆ ಎಷ್ಟಿರಬಹುದು? 3? 4?

7!

ತಗಡಿಗಿಂತ ಗಟ್ಟಿ! ಗಾಜಿಗಿಂತ ಗಟ್ಟಿ! ನಿಮ್ಮ ಗಾಡಿಯ ಕೀಗಿಂತ ಗಟ್ಟಿ! ಯಾರೋ ಕೀಲಿ ಹಿಡಿದು ಟ್ಯಾಂಕ್ ಗೀಚಿದರೆ ಬೀದಿಯೆಲ್ಲ ಜಗಳ. ಅದಕ್ಕಿಂತ ಗಟ್ಟಿಯಾದ ಕಣಗಳನ್ನು ನಾವೇ ಬನಿಯನ್ ಮೇಲೆ ಕೂರಿಸಿ ಮೆರವಣಿಗೆ ಮಾಡಿಸುತ್ತಿದ್ದೇವೆ!

ಇನ್ನೂ ಇದೆ ಕೇಳಿ. ಈ ಬೆಣಚು ಬಂದದ್ದು ಎಲ್ಲಿಂದ?

ಇಲ್ಲಿಂದ ಕೆಲವೇ ಕಿಲೋಮೀಟರ್ ದೂರಕ್ಕೆ ಹೋಗೋಣ. ಲಾಲ್‌ಬಾಗ್! ಕೆಂಪೇಗೌಡ ಗೋಪುರವನ್ನು ಬೆನ್ನ ಮೇಲೆ ಹೊತ್ತು ಮಲಗಿರುವ ಆ ಬಂಡೆ ಹತ್ತಿದ್ದೀರಲ್ಲ? ಭಾನುವಾರ ಮಕ್ಕಳು ಜಾರುವ ಬಂಡೆ. ಕೆಳಗಡೆ ಕಲ್ಲಿನ ಫಲಕವೂ ಇದೆ, ಓದಿದವರು ಕಡಿಮೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ! ಅಂಥ ಶಿಲೆಗೆ ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ‘ಪೆನಿನ್ಸುಲರ್ ನೈಸ್’ ಎಂದು ಹೆಸರಿಟ್ಟರು. ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರ ಎಲ್ಲ ಬೆರೆತ ಪಟ್ಟೆ ಪಟ್ಟೆ ಕಲ್ಲು. ನಮ್ಮ ಊರಿನ ಕಾಲಡಿಯಲ್ಲಿ ಹಾಸಿರುವುದೂ ಬಹುತೇಕ ಇದೇ ಜಾತಿಯ ಬಂಡೆ.

ವಯಸ್ಸು ಎಷ್ಟು, ಊಹಿಸಿ! ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷದ ಹಿಂದೆ. ಅದಕ್ಕಿಂತ ಹಳೆಯದೇ? ಎರಡು ಪಟ್ಟು? ಹತ್ತು ಪಟ್ಟು?

ಸುಮಾರು 300 ಕೋಟಿ ವರ್ಷ!

ನಿಮ್ಮ ಟ್ಯಾಂಕಿನ ಮೇಲಿನ ಗೀರು ಇವತ್ತು ಬೆಳಿಗ್ಗೆ ಎಂಟೂವರೆಯದು. ಅದನ್ನು ಕೊರೆದ ಉಳಿ 300 ಕೋಟಿ ವರ್ಷದ್ದು! ನನಗಂತೂ ಇದು ಗೊತ್ತಾದ ದಿನ ನಿದ್ದೆ ಬರಲಿಲ್ಲ.

ಬಂಡೆ ನಮ್ಮ ಓಣಿಗೆ ಬರುವುದು ಹೇಗೆ? ಬೋರ್‌ವೆಲ್ ಲಾರಿ ಬಂದ ದಿನ ನೆನಪಿಸಿಕೊಳ್ಳಿ! ಬೆಳಗಾಗುವಷ್ಟರಲ್ಲಿ ಬೀದಿಯ ಗಾಡಿಗಳೆಲ್ಲ ವಿಭೂತಿ ಬಳಿದುಕೊಂಡು ನಿಂತಿರುತ್ತವೆ. ಅದು ಹಸಿ ಬಂಡೆಯ ಪುಡಿ! ಡೇರಿ ಸರ್ಕಲ್‌ನಲ್ಲಿ ಮೆಟ್ರೊಗಾಗಿ ನೆಲ ಕೊರೆದದ್ದೂ ಇದೇ ಬಂಡೆಯ ನಾಡಿನಲ್ಲೇ! ಎರಡು ಮನೆಗೊಂದು ಕಡೆ ಮೇಲೆ ಮಹಡಿ ಏಳುತ್ತಿದೆ, ಗೇಟಿನ ಮುಂದೆ ಎಂ-ಸ್ಯಾಂಡ್ ರಾಶಿ.

ಆ ಎಂ-ಸ್ಯಾಂಡ್ ಇದೆಯಲ್ಲ, ಅದನ್ನು ಒಂದು ಚಿಟಿಕೆ ಬೆರಳ ನಡುವೆ ಉಜ್ಜಿ ನೋಡಿ. ಹೊಳೆಯ ಮರಳು ಮೈಲಿಗಟ್ಟಲೆ ಉರುಳಿ ಉರುಳಿ ಅಂಚು ಸವೆದು ದುಂಡಗಾಗಿರುತ್ತದೆ. ಎಂ-ಸ್ಯಾಂಡ್ ಯಂತ್ರದಲ್ಲಿ ಪುಡಿಯಾದ ಕಲ್ಲು, ಉರುಳಿದ್ದೇ ಇಲ್ಲ. ಕಣ ಕಣಕ್ಕೂ ಮೂಲೆ, ಮೂಲೆ ಮೂಲೆಗೂ ಅಂಚು! ಹೊಸ ಬ್ಲೇಡು!

ಅತ್ತ ಬ್ಲೇಡು. ಇತ್ತ ಅದನ್ನು ತಡೆಯಬೇಕಾದ ಗುರಾಣಿ ಎಷ್ಟು ದಪ್ಪ?

ಟ್ಯಾಂಕಿನ ಬಣ್ಣ ಒಂದೇ ಪದರವಲ್ಲ. ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ನೀರಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್. ಹೊಳಪೆಲ್ಲ ಅದರದೇ. ಬಿಸಿಲು, ಮಳೆ, ದೂಳು ಎಲ್ಲದಕ್ಕೂ ಎದೆ ಕೊಡುವುದೂ ಅದೇ. ನಿಮ್ಮ ತಲೆಯಿಂದ ಒಂದು ಕೂದಲು ಕಿತ್ತು ನೋಡಿ. ಅದು ಸುಮಾರು 70 ಮೈಕ್ರಾನ್ ದಪ್ಪ. ಕ್ಲಿಯರ್ ಕೋಟ್?

40ರಿಂದ 50 ಮೈಕ್ರಾನ್! ಕೂದಲಿಗಿಂತ ತೆಳು! ಲಕ್ಷಗಟ್ಟಲೆ ಕೊಟ್ಟು ತಂದ ಗಾಡಿಯ ಅಂದವೆಲ್ಲ ನಿಂತಿರುವುದು ಒಂದು ಕೂದಲೆಳೆಯ ದಪ್ಪವೂ ಇಲ್ಲದ ಪೊರೆಯ ಮೇಲೆ!

ಆದರೆ ಸಂತೋಷದ ಸುದ್ದಿಯೂ ಇದೆ. ನಿಮ್ಮ ಗೀರು ಆ ಪೊರೆಯಲ್ಲೇ ನಿಂತಿದೆಯೋ, ಬಣ್ಣದೊಳಗೆ ಇಳಿದಿದೆಯೋ ತಿಳಿಯುವುದಕ್ಕೆ ಯಾವ ಯಂತ್ರವೂ ಬೇಡ. ಒಂದು ಹನಿ ನೀರು ಸಾಕು!

ಗೀರಿನ ಮೇಲೆ ಹನಿ ಬಿಡಿ. ಮಾಯವಾಯಿತೇ? ನಾನು ಮೊದಲ ಸಲ ನೋಡಿದಾಗ ಕೂಗಿಯೇಬಿಟ್ಟೆ! ನೀರು ಗೀರಿನ ಹಳ್ಳ ತುಂಬಿತು, ಬೆಳಕು ಚದುರುವುದು ನಿಂತಿತು, ಗೀರು ಕಣ್ಮರೆ. ಒಣಗಿದ ಮೇಲೆ ಮತ್ತೆ ಹಾಜರ್! ಹೀಗೆ ಕಣ್ಣಾಮುಚ್ಚಾಲೆ ಆಡಿದರೆ ಅದು ಮೇಲಿನ ಪೊರೆಯ ಗೀರು, ಪಾಲಿಶ್‌ಗೆ ಹೋಗುವ ಸಾಧ್ಯತೆ ಹೆಚ್ಚು. ನೀರು ಬಿದ್ದರೂ ಬೆಳ್ಳಗೆ ಕಂಡರೆ, ಉಗುರು ಎಳೆದಾಗ ಟಕ್ ಅಂತ ಸಿಕ್ಕಿಕೊಂಡರೆ, ಆಳಕ್ಕೆ ಇಳಿದಿದೆ. ಅಲ್ಲಿ ಪಾಲಿಶ್ ಉಜ್ಜಿದಷ್ಟೂ ಸುತ್ತಲಿನ ಪೊರೆ ಸವೆಯುತ್ತದೆ ಅಷ್ಟೇ. ನೆನಪಿಡಿ, ಪಾಲಿಶ್ ಗೀರನ್ನು ತುಂಬಿಸುವುದಿಲ್ಲ, ಗೀರಿನ ಮಟ್ಟಕ್ಕೆ ಸುತ್ತಲಿನದನ್ನು ತೆಗೆಯುತ್ತದೆ! ತಿಂಗಳಿಗೊಮ್ಮೆ ರಬ್ಬಿಂಗ್ ಮಾಡಿಸುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ಮ್ಯಾಟ್ ಬಣ್ಣದ ಗಾಡಿಗಂತೂ ಪಾಲಿಶ್ ಮುಟ್ಟಿಸಲೇಬೇಡಿ. ಉಜ್ಜಿದ ಜಾಗ ಹೊಳೆಯತೊಡಗುತ್ತದೆ, ಮತ್ತೆ ಮ್ಯಾಟ್ ಆಗುವುದಿಲ್ಲ!

ಹಾಗಾದರೆ ಒರೆಸುವುದು ಹೇಗೆ? ಉತ್ತರ ನಿಮ್ಮ ಅಡುಗೆಮನೆಯಲ್ಲಿದೆ! ಅಮ್ಮ ಸೊಪ್ಪು ತೊಳೆಯುವುದನ್ನು ನೋಡಿದ್ದೀರಾ?

ದಂಟಿನ ಸೊಪ್ಪು ತುಂಬು ನೀರಿನಲ್ಲಿ ಮುಳುಗಿಸಿ ಅಲ್ಲಾಡಿಸುತ್ತಾರೆ. ಆಮೇಲೆ ನೀರು ಬಗ್ಗಿಸುತ್ತಾರಾ? ಇಲ್ಲ! ಬಗ್ಗಿಸಿದರೆ ತಳದ ಮಣ್ಣು ಮತ್ತೆ ಸೊಪ್ಪಿಗೇ ಮೆತ್ತುತ್ತದೆ. ಸೊಪ್ಪನ್ನು ಮೇಲಕ್ಕೆ ಎತ್ತಿಕೊಳ್ಳುತ್ತಾರೆ. ಮರಳು ತಳದಲ್ಲೇ ಉಳಿಯುತ್ತದೆ!

ಗಾಡಿಗೂ ಅದೇ! ಬೆಣಚು ನೀರಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ತೂಕ, ಮುಳುಗಲೇಬೇಕು. ಮೊದಲು ಮೇಲಿನಿಂದ ಧಾರಾಳವಾಗಿ ನೀರು ಸುರಿಯಿರಿ, ಕೈಯನ್ನೂ ತಾಗಿಸದೆ. ಕಣಗಳು ತಾವಾಗಿ ಇಳಿದು ಹೋಗಲಿ. ಆಮೇಲೆ ಎರಡು ಬಕೆಟ್. ಒಂದರಲ್ಲಿ ಶಾಂಪೂ ನೀರು, ಒಂದರಲ್ಲಿ ಬರೀ ನೀರು. ಒಂದು ಸಲ ಒರೆಸಿದ ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಿಸಿ ಮೇಲಕ್ಕೆತ್ತಿ, ತಳ ಮುಟ್ಟಿಸದೆ. ಆಮೇಲೆ ಶಾಂಪೂ. ದೊಡ್ಡ ದೊಡ್ಡ ಡೀಟೇಲಿಂಗ್ ಅಂಗಡಿಗಳು ಇದನ್ನೇ ‘ಟೂ ಬಕೆಟ್’ ವಿಧಾನ ಅಂತ ಹೇಳಿಕೊಡುತ್ತವೆ. ನಮ್ಮ ಅಮ್ಮನಿಗೆ ಹೇಳಿದೆ. "ಇದನ್ನ ಕಲಿಯೋಕೆ ಅಂಗಡಿಗೆ ಹೋಗಿದ್ಯಾ?" ಅಂದರು.

ಅಂಗಡಿಗೆ ಹೋಗಿದ್ದು ಬೇರೆಯದಕ್ಕೆ. ಅಲ್ಲಿ ಕಂಡದ್ದನ್ನು ಹೇಳಲೇಬೇಕು!

ಮೇಜಿನ ಮೇಲೆ ಒಂದು ಕಪ್ಪು ಟ್ಯಾಂಕ್ ಇಟ್ಟಿದ್ದರು. ಅದರ ಮೇಲೆ ಲ್ಯಾಮಿನೇಷನ್, ಅಂದರೆ ಪಾರದರ್ಶಕ ಹಾಳೆ. ಅಂಗಡಿಯವರು ಹಿತ್ತಾಳೆ ಬ್ರಷ್ ತಗೊಂಡು ಆ ಹಾಳೆಯನ್ನು ಪರಪರ ಉಜ್ಜಿಬಿಟ್ಟರು! ನನ್ನ ಹೊಟ್ಟೆಯೊಳಗೆ ಸಂಕಟ. ಬೆಳ್ಳಗೆ ಗೀರೋ ಗೀರು. ಆಮೇಲೆ ಕೆಟಲ್‌ನಿಂದ ಬಿಸಿನೀರು ಸುರಿದರು.

ಒಂದು... ಎರಡು... ಮೂರು...

ಗೀರು ಇಲ್ಲ! ಅಳಿಸಿದ ಹಾಗೆ, ಕಣ್ಣೆದುರೇ, ಅಂಚಿನಿಂದ ಒಳಕ್ಕೆ ಮುಚ್ಚಿಕೊಂಡು ಹೋಯಿತು! ಬೆರಳಿಟ್ಟು ನೋಡಿದೆ. ನುಣ್ಣಗೆ!

ಅದು ಪಾಲಿಯುರೆಥೇನ್. ಅದರ ಅಣುಗಳು ಉದ್ದುದ್ದ ಸರಪಳಿಗಳು, ಒಂದಕ್ಕೊಂದು ಹೆಣೆದುಕೊಂಡ ಸ್ಪ್ರಿಂಗುಗಳ ಹಾಗೆ. ಗೀಚಿದಾಗ ಪಕ್ಕಕ್ಕೆ ಸರಿಯುತ್ತವೆ, ತುಂಡಾಗುವುದಿಲ್ಲ. ಶಾಖ ತಾಗಿದರೆ ತಮ್ಮ ಹಳೇ ಜಾಗಕ್ಕೆ ಮರಳುತ್ತವೆ! ಬೇಸಿಗೆಯ ಬಿಸಿಲು ಬಿದ್ದರೂ ಸಣ್ಣ ಗೀರು ನಿಧಾನಕ್ಕೆ ಕೂಡಿಕೊಳ್ಳುತ್ತದೆ. ಪೂರ್ತಿ ಕತ್ತರಿಸಿ ಹೋದದ್ದು ಮಾತ್ರ ಕೂಡುವುದಿಲ್ಲ.

ಈ ವಸ್ತುವನ್ನು 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಕಂಡುಹಿಡಿದ. ಇದರದೇ ಇನ್ನೊಂದು ರೂಪದ ಮೇಲೆ ನೀವು ದಿನಾ ಕೂರುತ್ತೀರಿ! ಗಾಡಿ ಸೀಟಿನೊಳಗಿನ ಫೋಮ್ ಕೂಡ ಪಾಲಿಯುರೆಥೇನ್! ಹಾಳೆಯ ರೂಪದಲ್ಲಿ ಇದು ಮೊದಲು ಹೋದದ್ದು ಮಾತ್ರ ಬೈಕಿಗಲ್ಲ, ಕಾರಿಗೂ ಅಲ್ಲ. ಎಲ್ಲಿಗೆ?

ಯುದ್ಧಕ್ಕೆ! ವಿಯೆಟ್ನಾಂನಲ್ಲಿ ಅಮೆರಿಕದ ಹೆಲಿಕಾಪ್ಟರ್‌ಗಳು ಇಳಿಯುವಾಗ ಏಳುವಾಗ ಎದ್ದ ಮರಳು ಅವುಗಳದೇ ರೆಕ್ಕೆಗಳನ್ನು ಸವೆಸುತ್ತಿತ್ತು. ಆ ರೆಕ್ಕೆಗಳ ಅಂಚಿಗೆ ಅಂಟಿಸಲು ಹುಟ್ಟಿದ ಹಾಳೆ ಇದು. ಅಲ್ಲಿಯೂ ಶತ್ರು ಮರಳಿನ ಕಣವೇ! ಈಗ ಬಿಟಿಎಂ, ಜೆ.ಪಿ. ನಗರದ ಅಂಗಡಿಗಳಲ್ಲಿ ರೋಲುಗಟ್ಟಲೆ ಬಿದ್ದಿದೆ. ದಪ್ಪ 150ರಿಂದ 200 ಮೈಕ್ರಾನ್, ನಿಮ್ಮ ಕ್ಲಿಯರ್ ಕೋಟ್‌ನ ಮೂರ್ನಾಲ್ಕು ಪಟ್ಟು! ಇಡೀ ಗಾಡಿಗೆ ಹಾಕಿಸಬೇಕಿಲ್ಲ. ಮೊಣಕಾಲು ಉಜ್ಜುವ ಟ್ಯಾಂಕಿನ ಪಕ್ಕ, ಬೆಲ್ಟಿನ ಬಕಲ್ ತಾಗುವ ಹಿಂಭಾಗ, ಕೀಚೈನ್ ತೂಗಾಡಿ ಕುಟ್ಟುವ ಜಾಗ. ಇಷ್ಟಕ್ಕೇ ಹಾಕಿಸಿದರೂ ದೊಡ್ಡ ರಕ್ಷಣೆ.

ಅದೇ ಅಂಗಡಿಯ ಗೋಡೆ ಮೇಲೆ ಇನ್ನೊಂದು ಫಲಕ: ಸೆರಾಮಿಕ್ ಕೋಟಿಂಗ್, 9ಎಚ್ ಗಡಸುತನ! ಆಹಾ, ಬೆಣಚು 7, ಇದು 9, ಇನ್ನೇನು ಬೇಕು ಅಂತ ನಾನು ಕುಣಿದೆ. ನೀವೂ ಕುಣಿಯುತ್ತಿದ್ದಿರಿ!

ತಪ್ಪು! ಆ 9 ಬೇರೆ, ಈ 7 ಬೇರೆ. 9ಎಚ್ ಅನ್ನುವುದು ಪೆನ್ಸಿಲ್ ಲೆಕ್ಕ! ಮಕ್ಕಳ ಜಾಮಿಟ್ರಿ ಬಾಕ್ಸಿನ ಎಚ್‌ಬಿ, 2ಎಚ್ ಇವೆಯಲ್ಲ, ಅದೇ ಸಾಲಿನ ತುದಿಯ ಪೆನ್ಸಿಲ್ 9ಎಚ್. ಅದರಿಂದ ಗೀಚಿದರೆ ಗೀರು ಬೀಳುವುದಿಲ್ಲ ಅಂತ ಅರ್ಥ. ಬೆಣಚು ಪೆನ್ಸಿಲ್ ಅಲ್ಲವಲ್ಲ! ಕೋಟಿಂಗ್‌ನ ದಪ್ಪವೂ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್. ಅದರ ನಿಜವಾದ ಚಮತ್ಕಾರ ಬೇರೆ ಇದೆ: ನೀರು ಕೆಸುವಿನೆಲೆ ಮೇಲಿನ ಹನಿಯಂತೆ ಉರುಳಿ ಹೋಗುತ್ತದೆ, ದೂಳು ಅಂಟುವುದು ಕಡಿಮೆ. ದೂಳು ಕಡಿಮೆಯಾದರೆ ಉಜ್ಜುವುದೂ ಕಡಿಮೆ. ಅದಕ್ಕಾಗಿ ಹಾಕಿಸಿ. ಮರಳಿಗೆ ಗುರಾಣಿ ಅಂತ ಹಾಕಿಸಬೇಡಿ.

ಮೊಣಕಾಲಿನ ಮಾತು ಬಂತಲ್ಲ, ಮೈಸೂರಿಗೆ ಹೋಗಲೇಬೇಕು!

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ. 1961ರಲ್ಲಿ ಶುರು, 1996ರಲ್ಲಿ ಬಾಗಿಲು. ಜಾವಾ, ಯೆಜ್ಡಿ! ಆ ಡಬ್ ಡಬ್ ಸದ್ದು ಕೇಳಿದರೆ ಇವತ್ತಿಗೂ ಜನ ತಿರುಗಿ ನೋಡುತ್ತಾರೆ. ಕಿಕ್ ಹೊಡೆಯುವ ಲಿವರ್ರೇ ಗೇರ್ ಹಾಕುವ ಲಿವರ್ ಆಗುತ್ತಿದ್ದ ಅದ್ಭುತ ಗಾಡಿ! ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ, ಬೆಂಗಳೂರಿನಲ್ಲೂ ಸಾಲುಗಟ್ಟಿ ಬರುತ್ತವೆ. ಮುಂದಿನ ಸಲ ಹೋದಾಗ ಹಳೆಯ ಗಾಡಿಯ ಟ್ಯಾಂಕಿನ ಪಕ್ಕಕ್ಕೆ ಬಗ್ಗಿ ನೋಡಿ.

ರಬ್ಬರ್ ಪ್ಯಾಡ್! ಎರಡೂ ಕಡೆ, ಸರಿಯಾಗಿ ಮೊಣಕಾಲು ಒತ್ತುವ ಜಾಗದಲ್ಲಿ! ಇವತ್ತು ನಾವು ‘ಟ್ಯಾಂಕ್ ಗ್ರಿಪ್’ ಅಂತ ಆನ್‌ಲೈನ್‌ನಲ್ಲಿ ತರಿಸಿಕೊಂಡು ಅಂಟಿಸುವುದು ಏನೋ, ಅದನ್ನು ಜಾವಾ ಗಾಡಿಗಳು ಕಾರ್ಖಾನೆಯಿಂದಲೇ ತೊಟ್ಟು ಬರುತ್ತಿದ್ದವು! ಕಾಲಿಗೆ ಹಿಡಿತ, ಬಣ್ಣಕ್ಕೆ ರಕ್ಷೆ. ಜೀನ್ಸ್ ಪ್ಯಾಂಟಿನ ದಪ್ಪ ಹೊಲಿಗೆ ಬಣ್ಣವನ್ನು ತಲುಪುವುದೇ ಇಲ್ಲ!

ಇನ್ನೊಂದು ರಕ್ಷೆ ನಿಮ್ಮ ಗಾಡಿಯಲ್ಲೇ ಇದೆ, ಕಾನೂನೇ ಕೊಟ್ಟದ್ದು! ಸೀರೆ ಗಾರ್ಡ್! ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ: ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಮುಚ್ಚಬೇಕು. ಅದು ಸೀರೆಗಾಗಿ, ಜೀವಕ್ಕಾಗಿ. ಆದರೆ ನಮ್ಮ ಓಣಿಯಲ್ಲಿ ಪಕ್ಕದ ಗಾಡಿಯ ಫುಟ್‌ರೆಸ್ಟ್ ಮೊದಲು ಕುಟ್ಟುವುದೂ ಅದಕ್ಕೇ, ಸೈಡ್ ಪ್ಯಾನಲ್‌ಗಲ್ಲ! ಅಂದಕ್ಕೆ ಅಡ್ಡಿ ಅಂತ ಬಿಚ್ಚಿ ಎಸೆಯುವ ಹುಡುಗರನ್ನು ಕಂಡರೆ ಕೂಗಿ ಹೇಳಬೇಕೆನಿಸುತ್ತದೆ: ಬೇಡ ಕಣ್ರೋ, ಹಾಕ್ಕೊಳ್ರೋ!

ಹಕ್ಕಿ ಹಿಕ್ಕೆಗೂ ಒಂದು ಮಾತು. ಅದು ಬಿದ್ದ ತಕ್ಷಣ ಸುಡುತ್ತದೆ ಅಂದುಕೊಂಡಿದ್ದೀರಾ? ಆಮ್ಲ ಇದೆ ನಿಜ, ಆದರೆ ಅರ್ಧ ಕೆಲಸ ಬಿಸಿಲಿನದು! ಕ್ಲಿಯರ್ ಕೋಟ್ ಬಿಸಿಲಿಗೆ ಹಿಗ್ಗುತ್ತದೆ, ಸಂಜೆ ಕುಗ್ಗುತ್ತದೆ. ಕುಗ್ಗುವಾಗ ಮೇಲೆ ಒಣಗಿ ಕಲ್ಲಾದ ಹಿಕ್ಕೆಯ ಅಚ್ಚು ಹಿಡಿದುಬಿಡುತ್ತದೆ! ಒದ್ದೆ ಟಿಶ್ಯೂ ಹತ್ತು ನಿಮಿಷ ಹೊದಿಸಿಡಿ, ಮೆತ್ತಗಾದ ಮೇಲೆ ಎತ್ತಿ. ಉಜ್ಜಬೇಡಿ! ಹಾಗೆಯೇ ಗಾಡಿಗೆ ಹೊದಿಸುವ ಕವರ್. ದೂಳು ಕೂತ ಗಾಡಿ ಮೇಲೆ ಹೊದಿಸಿದಿರೋ, ಗಾಳಿ ಬಂದಾಗಲೆಲ್ಲ ಅದು ಉಪ್ಪುಕಾಗದ! ರಾತ್ರಿಯೆಲ್ಲ ಉಜ್ಜುತ್ತಲೇ ಇರುತ್ತದೆ!

ಆಯುಧಪೂಜೆ ಬಿಡಲಾಗುತ್ತದೆಯೇ? ಖಂಡಿತ ಇಲ್ಲ. ಗಾಡಿಗೂ ಅದು ಹಬ್ಬ. ಹಾರ ಮಾತ್ರ ಬಾಳೆನಾರಿನಲ್ಲಿ ಕಟ್ಟಿದ್ದನ್ನು ಕೇಳಿ ತನ್ನಿ, ತಂತಿಯ ತುದಿ ಹೆಡ್‌ಲೈಟ್ ಡೂಮ್ ಮೇಲೆ ಎಳೆದ ಗೀರು ಮುಂದಿನ ಹಬ್ಬಕ್ಕೂ ಇರುತ್ತದೆ. ಮಾರನೇ ದಿನ ಒಣಗಿದ ಕುಂಕುಮ, ವಿಭೂತಿಯನ್ನು ಒಣ ಬಟ್ಟೆಯಲ್ಲಿ ಉಜ್ಜಿ ತೆಗೆಯಬೇಡಿ. ಬೂದಿಯಲ್ಲೂ ಮರಳಿನ ಅಂಶ ಇರುತ್ತದೆ! ನೀರು ಸುರಿಯಿರಿ, ಹೋಗುತ್ತದೆ.

ಹೋದ ಭಾನುವಾರ ನಾನೂ ಸುರಿದೆ. ಏಳು ಗಂಟೆಗೆ, ಓಣಿ ಇನ್ನೂ ಎದ್ದಿರಲಿಲ್ಲ. ಎರಡು ಬಕೆಟ್, ಒಂದು ಚೊಂಬು. ಬನಿಯನ್ ಮನೆಯಲ್ಲೇ ಬಿಟ್ಟು ಬಂದಿದ್ದೆ. ತೊಳೆದಾದ ಮೇಲೆ ಬರೀ ನೀರಿನ ಬಕೆಟ್ ಅಲ್ಲಾಡಿಸದೆ ಐದು ನಿಮಿಷ ಬಿಟ್ಟೆ. ಮೇಲಿನ ನೀರನ್ನು ಮೆಲ್ಲಗೆ ಬಸಿದೆ.

ತಳದಲ್ಲಿ ಒಂದು ಚಿಟಿಕೆ! ಬೆರಳ ತುದಿಗೆ ಒತ್ತಿಕೊಂಡು ಎಳೆ ಬಿಸಿಲಿಗೆ ಹಿಡಿದೆ. ಕಾಗೆಬಂಗಾರ ಮಿಂಚಿತು. ಅದರ ಪಕ್ಕದಲ್ಲೇ, ಗಾಜಿನ ಚೂರಿನಂತೆ, ಮಸುಕಾಗಿ, ಅವನು!

"ಅಮ್ಮಾ, ಬಾ ಇಲ್ಲಿ! ಲಾಲ್‌ಬಾಗ್ ಬಂಡೆ ತೋರಿಸ್ತೀನಿ!" ಅಂತ ಕೂಗಿದೆ.